ಕಲ್ಲಿನಿಂದ ಹನ್ನೆರಡು ಹೆಜ್ಜೆ

ಗುರುಪುರದ ಪೊಡಿಯಬ್ಬ ಇಪ್ಪತ್ತಾರು ವರ್ಷ ಕತಾರಿನಲ್ಲಿ ಮಾಡಿದ ಕೆಲಸ ಒಂದೇ, ಕೋಲು ಹಿಡಿದು ನಿಲ್ಲುವುದು. ಹೀಗೆಂದರೆ ಊರಿನಲ್ಲಿ ಜನ ನಗುತ್ತಾರೆ. ನಗುವವರಿಗೇನು ಗೊತ್ತು? ಸರ್ವೆ ಕಂಪನಿಯಲ್ಲಿ ನೆಲದ ಎತ್ತರ ತಗ್ಗು ಅಳೆಯುವ ಲೆವೆಲ್ ಯಂತ್ರಕ್ಕೆ ಕಣ್ಣಿಟ್ಟು ಅಂಕಿ ಓದುವ ನನ್ನಂಥವನಿಗೆ ಸರ್ವೆಯರ್ ಎಂದು ಹೆಸರು. ಎದುರಿಗೆ ಎಪ್ಪತ್ತು ಮೀಟರ್ ದೂರದಲ್ಲಿ, ಸೆಂಟಿಮೀಟರ್ ಗುರುತುಗಳಿರುವ ಉದ್ದನೆಯ ಅಲ್ಯೂಮಿನಿಯಂ ಕೋಲನ್ನು ನೆಟ್ಟಗೆ ಹಿಡಿದು ಬಿಸಿಲಿನಲ್ಲಿ ನಿಲ್ಲುವವನು ಬರೀ ಸ್ಟಾಫ್‌ಮ್ಯಾನ್. ನಾನು ಓದಿದ ಅಂಕಿ ಸರಿಯೋ ತಪ್ಪೋ ಎಂಬುದು ಅವನ ಪಾದದ ಬುಡದಲ್ಲಿ ತೀರ್ಮಾನವಾಗುತ್ತದೆ. ಆದರೂ ನಕ್ಷೆಯ ಮೂಲೆಯಲ್ಲಿ ಅಚ್ಚಾಗುವ ಹೆಸರು ಸರ್ವೆಯರನದು.

ನಾನು ಯೂಜಿನ್, ಕಲ್ಯಾಣಪುರದವನು. ದೋಹಾದ ಆ ಕಂಪನಿಗೆ ಸೇರಿದ್ದು 1994ರಲ್ಲಿ. ಅಷ್ಟರಲ್ಲಿ ಪೊಡಿಯಬ್ಬ ಅಲ್ಲಿ ಹದಿನೈದು ವರ್ಷ ಕಳೆದಿದ್ದರು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪೊರ್ಬುಗಳು ಯಾವ ಊರಿನವರು?" ಎಂದು ಕೇಳಿದರು. ನಮ್ಮ ಕಡೆ ಹಳೆಯ ಕಾಲದವರು ಕ್ರೈಸ್ತರನ್ನು ಕರೆಯುವುದೇ ಹಾಗೆ. ನಾನೂ ಬಿಡದೆ, ಕರಾವಳಿಯ ಮುಸ್ಲಿಮರನ್ನು ಕರೆಯುವಂತೆ, "ಕಲ್ಯಾಣಪುರ, ಬ್ಯಾರಿಗಳೇ" ಎಂದೆ. ಅಂದಿನಿಂದ ಅವರು ನನಗೆ ಬ್ಯಾರಿಗಳು, ನಾನು ಅವರಿಗೆ ಪೊರ್ಬುಗಳು. ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಅದನ್ನು ನಮ್ಮೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ತಂದೆ ಫಲ್ಗುಣಿ ನದಿಯಲ್ಲಿ ಹಂಚು ಸಾಗಿಸುವ ದೋಣಿ ನಡೆಸುತ್ತಿದ್ದರು. ಪೊಡಿಯಬ್ಬನೂ ಹನ್ನೆರಡನೇ ವಯಸ್ಸಿಗೆ ಜಲ್ಲೆ ಹಿಡಿದವರು. ಜಲ್ಲೆಯೆಂದರೆ ತಳಕ್ಕೆ ಊರಿ ದೋಣಿ ನೂಕುವ ಬಿದಿರು. ಲಾರಿಗಳು ಬಂದವು, ದೋಣಿಗೆ ಹಂಚು ತುಂಬಿಸುವವರಿಲ್ಲವಾಯಿತು, 1979ರಲ್ಲಿ ಅವರು ದೋಹಾಕ್ಕೆ ಬಂದರು. ಹೆಲ್ಪರ್ ಎಂದು ಬಂದವರ ಕೈಗೆ ಯಾರೋ ಒಂದು ದಿನ ಸ್ಟಾಫ್ ಎನ್ನುವ ಆ ಅಳತೆ ಕೋಲು ಕೊಟ್ಟರಂತೆ. ಜಲ್ಲೆ ಹಿಡಿದಂತೆಯೇ ಹಿಡಿದು ನಿಂತರಂತೆ. ಗಾಳಿಗೆ ಎಲ್ಲರ ಕೋಲೂ ಓಲಾಡುತ್ತದೆ, ಇವರದು ಓಲಾಡುತ್ತಿರಲಿಲ್ಲ. ಹೊಸ ಸರ್ವೆಯರುಗಳು ಇವರಿಗಾಗಿ ಜಗಳವಾಡುತ್ತಿದ್ದರು. ನಾನು ಹನ್ನೊಂದು ವರ್ಷ ಅವರನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

2005ರ ಮಾರ್ಚಿನಲ್ಲಿ ನಮಗೊಂದು ಕೆಲಸ ಬಂತು. ರಾಸ್ ಲಫಾನಿಗೆ ಹೋಗುವ ದಾರಿಯಿಂದ ಒಳಕ್ಕೆ ಒಂದು ತಗ್ಗು ಜಾಗ, ಅಲ್ಲಿ ಮೂರು ಸಾವಿರ ಕಾರ್ಮಿಕರಿಗೆ ಕ್ಯಾಂಪ್ ಕಟ್ಟಬೇಕಿತ್ತು. ಅಂಥ ತಗ್ಗನ್ನು ಅರಬರು ರೌದಾ ಎನ್ನುತ್ತಾರೆ. ಆ ದೇಶದಲ್ಲಿ ನದಿಯಿಲ್ಲ, ತೋಡೂ ಇಲ್ಲ. ವರ್ಷಕ್ಕೆ ಎರಡೋ ಮೂರೋ ದಿನ ಬರುವ ಮಳೆಯ ನೀರು ಕಲ್ಲು ನೆಲದ ಮೇಲೆ ಮೈಲುಗಟ್ಟಲೆ ಜಾರಿ ಬಂದು ಇಂಥ ರೌದಾಗಳಲ್ಲಿ ನಿಲ್ಲುತ್ತದೆ. ಅದು ತಂದ ಮೆತ್ತನೆಯ ಮಣ್ಣಿನಲ್ಲಿ ಹುಲ್ಲು ಬರುತ್ತದೆ, ನಾಲ್ಕು ಬೋರೆ ಮರ ಬದುಕುತ್ತವೆ. ಉಳಿದ ಮುನ್ನೂರ ಅರವತ್ತು ದಿನ ನೋಡಿದವರಿಗೆ ಅದು ಒಂದು ಒಳ್ಳೆಯ ಸಮತಟ್ಟು ಜಾಗ ಅಷ್ಟೆ. ಗುತ್ತಿಗೆದಾರನಿಗೂ ಹಾಗೆಯೇ ಕಂಡಿತು.

ನೀರಿನ ವಿಷಯ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ವಾರೆನ್ ಎಂಬಾತ ಕೆನಡಾದವನು, ಐವತ್ತೆಂಟರ ಆಸುಪಾಸಿನ ಮಾತು ಕಡಿಮೆಯ ಮನುಷ್ಯ. ಅವನ ಕೋಣೆಯ ಗೋಡೆಯ ಮೇಲೆ ಅವನೂರಿನ ರೆಡ್ ನದಿಯ ದೊಡ್ಡ ನಕ್ಷೆಯಿತ್ತು. ಕೆಲಸ ಶುರುವಾಗುವ ಮುಂಚೆ ನಮ್ಮಿಬ್ಬರನ್ನೂ ಅದರ ಮುಂದೆ ನಿಲ್ಲಿಸಿದ. ಅವನು ಇಂಗ್ಲಿಷಿನಲ್ಲಿ ಹೇಳುವುದು, ನಾನು ಪೊಡಿಯಬ್ಬನಿಗೆ ತುಳುವಿನಲ್ಲಿ ಹೇಳುವುದು.

ಅವನೂರು ಬಟಾಬಯಲು. ದಿಗಂತದವರೆಗೆ ಗೋಧಿ ಹೊಲ, ಒಂದು ಗುಡ್ಡವಿಲ್ಲ. ಆ ಬಯಲಿನಲ್ಲಿ ನದಿ ಮೈಲಿಗೆ ಒಂದಡಿಯೂ ಇಳಿಯುವುದಿಲ್ಲವಂತೆ, ಅದಕ್ಕೇ ಹಾವಿನಂತೆ ಹೊರಳಿ ಹೊರಳಿ ಹರಿಯುತ್ತದಂತೆ. ಹರಿಯುವುದೂ ದಕ್ಷಿಣದಿಂದ ಉತ್ತರಕ್ಕೆ. ವಸಂತದಲ್ಲಿ ದಕ್ಷಿಣದ ಹಿಮ ಮೊದಲು ಕರಗಿ ನೀರು ಹೊರಡುತ್ತದೆ, ಉತ್ತರದಲ್ಲಿ ನದಿ ಇನ್ನೂ ಮಂಜುಗಡ್ಡೆ. ಮುಂದೆ ಹೋಗಲಾಗದ ನೀರು ಪಕ್ಕಕ್ಕೆ ಹರಡಿಕೊಂಡು ಬಯಲೆಲ್ಲ ಕೆರೆಯಾಗುತ್ತದೆ. ಅವನಿಗೆ ಮೂರು ವರ್ಷವಾಗಿದ್ದಾಗ ಮನೆಯ ಕಿಟಕಿಯಿಂದಲೇ ಅವನನ್ನು ದೋಣಿಗೆ ಇಳಿಸಿದ್ದರಂತೆ. ಆಮೇಲೆ ಅವನು ನಕ್ಷೆಯ ಕೆಳತುದಿಯಲ್ಲಿ ಬೆರಳಿಟ್ಟ. ಅಲ್ಲೊಂದು ಪುಟ್ಟ ಊರು. ಊರಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಉತ್ತರದ ಹಿಮದ ಕಡಲಿಗೆ, ಇನ್ನೊಂದು ಮಗ್ಗುಲಿನದು ದಕ್ಷಿಣದ ಬಿಸಿ ಕಡಲಿಗೆ. ನಡುವೆ ಬೆಟ್ಟವೇನೂ ಇಲ್ಲ, ಕಣ್ಣಿಗೆ ಕಾಣದ ಒಂದು ಉಬ್ಬು. ನೆರೆ ಬಂದ ವರ್ಷ ಆ ಉಬ್ಬನ್ನೂ ದಾಟಿ ಒಂದು ಜಲಾನಯನದ ನೀರು ಇನ್ನೊಂದಕ್ಕೆ ಹೋಗಿಬಿಡುತ್ತದೆ.

ಪೊಡಿಯಬ್ಬ ಎಲ್ಲ ಕೇಳಿ, "ಅಲ್ಲಿ ಜಲ್ಲೆ ಹಾಕಿದ್ರೆ ತಳ ಸಿಗ್ತದಾ ಅಂತ ಕೇಳಿ" ಎಂದರು. ನಾನು ಕೇಳಿದೆ. ವಾರೆನ್ ಮೊದಲ ಬಾರಿ ನಕ್ಕ. ನೆರೆ ಬಂದಾಗ ಎಲ್ಲ ಕಡೆಯೂ ಸಿಗುತ್ತದೆ, ಏಕೆಂದರೆ ತಳವೆಂದರೆ ನಮ್ಮ ಹೊಲವೇ ಎಂದ. ಮತ್ತೆ ಗಂಭೀರನಾಗಿ, ಬೆಟ್ಟದ ನಾಡಿನಲ್ಲಿ ಸರ್ವೆಯರ್ ಒಂದು ಮೀಟರ್ ತಪ್ಪಿದರೂ ನೀರು ತನ್ನ ದಾರಿ ತಪ್ಪುವುದಿಲ್ಲ, ಬಯಲಿನಲ್ಲಿ ಒಂದು ಗೇಣು ತಪ್ಪಿದರೆ ಜನ ಮುಳುಗುತ್ತಾರೆ, ಎಂದ.

ನಮ್ಮ ರೌದಾದಲ್ಲಿಯೂ ಪ್ರಶ್ನೆ ಒಂದೇ ಗೇಣಿನದು. ಪೂರ್ವಕ್ಕೆ, ಆರು ಕಿಲೋಮೀಟರ್ ಆಚೆ, ಒಂದು ಸಣ್ಣ ದಿಣ್ಣೆಯಿತ್ತು. ಅದು ಕ್ಯಾಂಪಿನ ನೆಲಕ್ಕಿಂತ ತಗ್ಗಾಗಿದ್ದರೆ ಮಳೆನೀರು ಅದನ್ನು ದಾಟಿ ತಾನಾಗಿಯೇ ಸಮುದ್ರಕ್ಕೆ ಹೋಗುತ್ತದೆ, ಇದ್ದ ನೆಲದ ಮೇಲೆ ಕ್ಯಾಂಪ್ ಕಟ್ಟಬಹುದು. ಎತ್ತರವಾಗಿದ್ದರೆ ಸುತ್ತಲಿನ ನೀರೆಲ್ಲ ಬಂದು ಕ್ಯಾಂಪಿನೊಳಗೇ ನಿಲ್ಲುತ್ತದೆ. ಆಗ ದಿಣ್ಣೆ ಕಡಿದು ಕಾಲುವೆ ತೆಗೆಯಬೇಕು, ಮಣ್ಣು ತುಂಬಿ ನೆಲ ಎತ್ತರಿಸಬೇಕು.

ನಾವು ಆ ದಿಣ್ಣೆಗೆ ಲೆವೆಲ್ ಹಿಡಿದುಕೊಂಡು ಹೋದದ್ದು ಒಂದು ಗುರುವಾರ. ಕೆಲಸದ ಕ್ರಮ ಹೀಗೆ: ಪೊಡಿಯಬ್ಬ ಗಟ್ಟಿಯಾಗಿ ಹೂತಿರುವ ಒಂದು ಕಲ್ಲು ಹುಡುಕಿ ಅದರ ಮೇಲೆ ಕೋಲು ನಿಲ್ಲಿಸುತ್ತಾರೆ. ನಾನು ಓದುತ್ತೇನೆ. ಆಮೇಲೆ ನಾನು ಯಂತ್ರ ಹೊತ್ತು ಅವರನ್ನು ದಾಟಿ ಮುಂದಕ್ಕೆ ಹೋಗಿ, ತಿರುಗಿ ಅದೇ ಕೋಲನ್ನು ಅದೇ ಕಲ್ಲಿನ ಮೇಲೆ ಮತ್ತೊಮ್ಮೆ ಓದುತ್ತೇನೆ. ಈ ಎರಡು ಓದಿನ ನಡುವೆ ಕೋಲು ಕಲ್ಲು ಬಿಡಬಾರದು. ಬಿಟ್ಟರೆ ಅಲ್ಲಿಂದ ಮುಂದಿನ ಅಳತೆಯೆಲ್ಲ ಹಾಳು. ಕಡೆಗೆ ಹೋದ ದಾರಿಯಲ್ಲಿಯೇ ಲೆವೆಲ್ ಹಿಡಿದುಕೊಂಡು ಮರಳಿ, ಹೊರಟ ಜಾಗದ ಎತ್ತರ ಹೊಂದುತ್ತದೆಯೇ ನೋಡಬೇಕು. ಹೊಂದಿದರೆ ಮಾತ್ರ ಅಳತೆ ಸರಿ.

ಆ ದಿನ ಅರ್ಧ ದಾರಿಯಲ್ಲಿ ಜೀಪು ಮೆತ್ತನೆ ಮಣ್ಣಿನಲ್ಲಿ ಹೂತಿತು. ಕಲ್ಲಿನ ಮೇಲಿನ ಮೊದಲ ಓದು ಮುಗಿಸಿ ಮುಂದಕ್ಕೆ ಹೊರಟಿದ್ದೆವು, ಯಂತ್ರ ಜೀಪಿನಲ್ಲಿತ್ತು. ನಾನೂ ಡ್ರೈವರನೂ ಚಕ್ರದಡಿಯ ಮಣ್ಣು ಬಗೆಯುತ್ತ ಮುಕ್ಕಾಲು ಗಂಟೆ ಕಳೆದೆವು. ಪೊಡಿಯಬ್ಬ ದೂರದಲ್ಲಿ ಕಲ್ಲಿನ ಮೇಲೆ ಕೋಲು ಹಿಡಿದು ನಿಂತಿದ್ದರು. ಇಳಿಹೊತ್ತಿನ ಅಸರ್ ನಮಾಜಿನ ಸಮಯವಾಯಿತು. ಅವರು ಕಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಸ್ವಲ್ಪ ದೂರದಲ್ಲಿ ಒಣಗಿದ ಎತ್ತರದ ನೆಲ ನೋಡಿ ಚಾಪೆ ಹಾಸಿದರು. ಬಯಲಿನಲ್ಲಿ ನಮಾಜು ಮಾಡುವವರು ಎದುರಿಗೆ ಏನಾದರೊಂದು ಮರೆ ಇಟ್ಟುಕೊಳ್ಳುವುದು ಪದ್ಧತಿ. ಅಲ್ಲಿ ಮರವಿಲ್ಲ, ಗೋಡೆಯಿಲ್ಲ. ಅವರು ಕೈಯಲ್ಲಿದ್ದ ಸ್ಟಾಫನ್ನೇ ಎದುರಿಗೆ ಊರಿದರು. ನಮಾಜು ಮುಗಿಯುವುದಕ್ಕೂ ನಾನು ಯಂತ್ರ ಹೂಡಿ ಶಿಳ್ಳೆ ಹಾಕುವುದಕ್ಕೂ ಸರಿಹೋಯಿತು. ಶಿಳ್ಳೆ ಕೇಳಿದೊಡನೆ ಕೋಲು ನೆಟ್ಟಗಾಗಬೇಕು ಎನ್ನುವುದು ಇಪ್ಪತ್ತಾರು ವರ್ಷದ ಅಭ್ಯಾಸ. ಅವರು ಎದ್ದು, ಊರಿದ್ದಲ್ಲಿಯೇ ಕೋಲನ್ನು ನನ್ನ ಕಡೆ ತಿರುಗಿಸಿ ಹಿಡಿದರು. ಕಲ್ಲು ಹನ್ನೆರಡು ಹೆಜ್ಜೆ ಆಚೆ ಉಳಿಯಿತು. ನಾನು ಓದಿ ಬರೆದುಕೊಂಡೆ.

ದಿಣ್ಣೆ ಮುಟ್ಟುವಾಗ ಸೂರ್ಯ ಇಳಿದಿದ್ದ. ಮಾರನೆಯ ದಿನ ಶುಕ್ರವಾರ, ನನ್ನ ಮಗ ಜೋವಿನ್‌ಗೆ ದೀಕ್ಷಾಸ್ನಾನ. ಹೆಂಡತಿ ರೋಸಲಿನ್ ಅಷ್ಟರಲ್ಲಿ ಆರು ಸಲ ಫೋನ್ ಮಾಡಿದ್ದಳು. ಮರಳುವ ಅಳತೆಯನ್ನು ನಾನು ಹಿಡಿಯಲಿಲ್ಲ. ಯಂತ್ರ ಪೆಟ್ಟಿಗೆಗೆ ಹಾಕಿ, "ಯಲ್ಲಾ, ಹೊರಡುವ ಬ್ಯಾರಿಗಳೇ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಜೀಪು ಹತ್ತಿದರು. ಶನಿವಾರ ಬೆಳಿಗ್ಗೆ ಆಫೀಸಿನ ಮೇಜಿನ ಮುಂದೆ ಕೂತು, ಹೋದ ಅಂಕಿಗಳನ್ನೇ ತಿರುವಿ, ಅಲ್ಲೊಂದು ಮಿಲಿಮೀಟರ್ ಇಲ್ಲೊಂದು ಮಿಲಿಮೀಟರ್ ಹೆಚ್ಚುಕಡಿಮೆ ಮಾಡಿ, ಮರಳುವ ಅಳತೆಯ ಪುಟ ತುಂಬಿಸಿದೆ. ಎಷ್ಟು ಚೆಂದವಾಗಿ ಹೊಂದಿತೆಂದರೆ ನನಗೇ ಮೆಚ್ಚುಗೆಯಾಯಿತು. ದಿಣ್ಣೆ ಕ್ಯಾಂಪಿನ ನೆಲಕ್ಕಿಂತ ತಗ್ಗು ಎಂದು ಬಂತು.

ಅಂದು ಮಧ್ಯಾಹ್ನ ಪೊಡಿಯಬ್ಬ ನನ್ನ ಮೇಜಿನ ಹತ್ತಿರ ಬಂದು ನಿಂತರು. ಶುಕ್ರವಾರ ಜುಮಾಕ್ಕೆ ಹೋದಾಗ, ಮಸೀದಿಯ ಕಂಬದ ಹಿಂದೆ ನಿಂತು ಕೈ ಕಟ್ಟಿದಾಗ ಅವರಿಗೆ ನೆನಪಾಯಿತಂತೆ.

"ಪೊರ್ಬುಗಳೇ, ನಾನು ಕೋಲು ಕಲ್ಲಿನ ಮೇಲೆ ಇಡ್ಲಿಲ್ಲ. ನಮಾಜಿಗೆ ಊರಿದ್ದಲ್ಲೇ ತಿರುಗ್ಸಿದೆ. ಆ ಜಾಗ ಎತ್ತರ ಉಂಟು, ಒಂದು ಗೇಣಿಗಿಂತ ಹೆಚ್ಚೇ."

"ಖಲಾಸ್, ಬ್ಯಾರಿಗಳೇ. ಹೋಗಿ ಬರುವ ಅಳತೆ ಎರಡೂ ಸರಿ ಬಂದಿದೆ. ಮರ್ತುಬಿಡಿ."

ಅವರು, "ಬರುವಾಗ ನಾವು ಅಳೀಲೇ ಇಲ್ಲ ಅಲ್ವಾ" ಎಂದರು. ಗಟ್ಟಿಯಾಗಿ ಹೇಳಲಿಲ್ಲ. ಪಕ್ಕದ ಮೇಜಿನವನಿಗೂ ಕೇಳಿಸಲಿಲ್ಲ.

ಕುಂಬಳಕಾಯಿ ಕಳ್ಳನಂತೆ ನನ್ನ ಕೈ ಆ ಅಳತೆ ಪುಸ್ತಕದ ಮೇಲೆ ಹೋಯಿತು. ಮುಂದಿನ ವಾರ ನೋಡುವ ಎಂದೆ. ಮುಂದಿನ ವಾರ ಬಂತು, ಹೋಯಿತು. ಶುಕ್ರವಾರ ರಜೆಯಲ್ಲಿ ನಾವಿಬ್ಬರೇ ಹೋಗಿ ಅಳೆಯುವ ಎಂದು ಅವರು ಮೂರು ಸಲ ಕೇಳಿದರು. ಒಮ್ಮೆ ಜೀಪಿಲ್ಲ ಎಂದೆ, ಒಮ್ಮೆ ಮಗುವಿಗೆ ಜ್ವರ ಎಂದೆ, ಮೂರನೆಯ ಸಲ ರೇಗಿಬಿಟ್ಟೆ. ನನಗೆ ಹೆದರಿಕೆಯಿತ್ತು. ಅಳತೆ ಪುಸ್ತಕದಲ್ಲಿ ಸುಳ್ಳು ಬರೆದ ಸರ್ವೆಯರನ ವೀಸಾ ಅಂದೇ ರದ್ದಾಗುತ್ತದೆ, ಬೇರೆ ಯಾವ ಕಂಪನಿಯೂ ಅವನನ್ನು ಬಾಗಿಲಿಗೆ ಸೇರಿಸುವುದಿಲ್ಲ. ಅತ್ತ ನಕ್ಷೆಗೆ ಒಪ್ಪಿಗೆ ಸಿಕ್ಕಿತು. ರೌದಾದ ನಡುವೆ ಅಡಿಪಾಯದ ಗುಂಡಿಗಳು ಬಿದ್ದವು. ಅದನ್ನು ನೋಡಿ ಬಂದ ದಿನದಿಂದ ಪೊಡಿಯಬ್ಬ ನನ್ನೊಡನೆ ಮಾತು ಕಡಿಮೆ ಮಾಡಿದರು.

ಮೇ ಮೊದಲ ವಾರ ವಾರೆನ್ ನನ್ನನ್ನು ಕರೆಸಿದ. ಹೋದರೆ ಅವನ ಮೇಜಿನ ಮುಂದೆ ಪೊಡಿಯಬ್ಬ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಈತ ಏನೋ ಹೇಳಬೇಕೆಂದು ಬಂದಿದ್ದಾನೆ, ನನಗೆ ಅರ್ಥವಾಗುತ್ತಿಲ್ಲ, ನೀನು ಹೇಳು, ಎಂದ ವಾರೆನ್. ಉಗುಳಲೂ ಆಗದು, ನುಂಗಲೂ ಆಗದು. ಏನು ಬೇಕಾದರೂ ಹೇಳಿ ದಾಟಿಸಬಹುದಿತ್ತು, ಈ ಮುದುಕನಿಗೆ ರಜೆ ಬೇಕಂತೆ ಎಂದರೆ ಮುಗಿಯುತ್ತಿತ್ತು. ಹಾಗೆ ಮಾಡುವ ಯೋಚನೆ ಬಂದದ್ದೂ ನಿಜ. ಆದರೆ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

ಅವರು ಒಂದೊಂದೇ ವಾಕ್ಯ ಹೇಳಿದರು. ಕಲ್ಲು, ಚಾಪೆ, ಕೋಲು, ಶಿಳ್ಳೆ. ನಾನು ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಂದೆ. ವಾರೆನ್ ಪೆನ್ನು ಕೆಳಗಿಟ್ಟ. ಅಳತೆ ಪುಸ್ತಕ ತೆಗೆದು ಮರಳುವ ಪುಟದ ಮೇಲೆ ಬೆರಳಿಟ್ಟು, ಹೋಗುವಾಗ ಇವನು ತಪ್ಪಿದ್ದರೆ ಬರುವಾಗ ಇದು ಹೇಗೆ ಹೊಂದಿತು, ಕೇಳು, ಎಂದ.

ನಾನು ಕೇಳಿದೆ. ಪೊಡಿಯಬ್ಬ ನನ್ನ ಕಡೆ ಒಮ್ಮೆ ನೋಡಿ, ಆಮೇಲೆ ವಾರೆನ್ ಕಡೆ ತಿರುಗಿ ಹೇಳಿದರು:

"ಬರುವಾಗಲೂ ಒಂದು ಓದಿಗೆ ಅಲ್ಲೇ ನಿಲ್ಸಿದ್ದು. ಕಲ್ಲಿನ ಮೇಲೆ ಇಡ್ಲಿಲ್ಲ. ಅದೂ ನನ್ನದೇ ತಪ್ಪು ಅಂತ ಹೇಳಿ, ಪೊರ್ಬುಗಳೇ."

ನಾನು ಅದನ್ನೂ ಹೇಳಿದೆ. ವಾರೆನ್ ನನ್ನನ್ನು ಬಹಳ ಹೊತ್ತು ನೋಡಿ, ಅವನು ಹೀಗೆಯೇ ಹೇಳಿದನೇ ಎಂದು ಕೇಳಿದ. ಹೌದು, ಹೀಗೆಯೇ ಹೇಳಿದ್ದು, ಎಂದೆ.

ಬೇರೆ ಸರ್ವೆಯರ್, ಬೇರೆ ಸ್ಟಾಫ್‌ಮ್ಯಾನ್ ಹೋಗಿ ಎರಡು ದಿನ ಅಳೆದರು. ಮೂವತ್ತನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ದಿಣ್ಣೆ ಕ್ಯಾಂಪಿಗಿಂತ ಎತ್ತರವಾಗಿತ್ತು. ವಾರೆನ್ ಕಟ್ಟಡ ನಿಲ್ಲಿಸಿ, ನೆಲ ಎತ್ತರಿಸಿ, ದಿಣ್ಣೆ ಕಡಿದು ಕಾಲುವೆ ತೆಗೆಸಿದ. ನಮ್ಮ ಕಂಪನಿಯ ಫೈಲಿನಲ್ಲಿ ಮ್ಯಾನೇಜರ್ ಒಂದು ಸಾಲು ಬರೆದರು, ಎರಡೂ ಬಾರಿ ಸ್ಟಾಫ್‌ಮ್ಯಾನ್ ತಪ್ಪು ಎಂದು. ಪೊಡಿಯಬ್ಬನ ವೀಸಾ ರದ್ದಾಯಿತು.

ಏರ್‌ಪೋರ್ಟಿಗೆ ನಾನೇ ಕರೆದುಕೊಂಡು ಹೋದೆ. ಕಾರಿನಲ್ಲಿ ಕೇಳಿದೆ, "ಹಾಗ್ಯಾಕೆ ಹೇಳಿದ್ರಿ, ಬ್ಯಾರಿಗಳೇ?"

"ನನ್ನ ಮಕ್ಕಳಿಗೆಲ್ಲ ಮದುವೆ ಆಯ್ತು. ನಿಮ್ಮ ಮಗುವಿಗೆ ಇನ್ನೂ ಹಲ್ಲು ಬರ್ಲಿಲ್ಲ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅವರೇ ಹೇಳಿದರು. "ನಾನು ನೀರಿನಲ್ಲಿ ಹುಟ್ಟಿದವ. ಕ್ಯಾಂಪಿನವರು ಮಲಗಿದ್ದಲ್ಲಿಗೆ ನೀರು ಬರುದು ನನಗೆ ಕಣ್ಣಿಗೆ ಕಾಣ್ತಿತ್ತು. ನಮಾಜಿಗೆ ನಿಂತ್ರೂ ಅದೇ. ಈಗ ಕಾಣುದಿಲ್ಲ."

ನನಗೆ ಆಗ ನಾಚಿಕೆಯಾಯಿತು, ಜೊತೆಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

2006ರ ಡಿಸೆಂಬರಿನಲ್ಲಿ ಜೋರು ಮಳೆ ಬಂತು. ಮಾರನೆಯ ದಿನ ನಾನು ಆ ಕಡೆ ಹೋಗಿ ನೋಡಿದೆ. ಮೈಲುಗಟ್ಟಲೆ ದೂರದಿಂದ ಕಂದು ನೀರು ಬಂದು ಕ್ಯಾಂಪಿನ ಮಗ್ಗುಲಲ್ಲಿ ಕಾಲುವೆ ತುಂಬಿ, ಕಡಿದ ದಿಣ್ಣೆಯ ನಡುವಿನಿಂದ ಪೂರ್ವಕ್ಕೆ ಹೋಗುತ್ತಿತ್ತು. ನದಿಯಿಲ್ಲದ ದೇಶದಲ್ಲಿ ಎರಡು ದಿನದ ಒಂದು ನದಿ. ಮೇಲೆ, ಕೋಣೆಗಳ ಮುಂದೆ, ನೇಪಾಳದವರೂ ಬಿಹಾರದವರೂ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಒಬ್ಬನು ಮೆಟ್ಟಿಲ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಯಾರ ಹಾಸಿಗೆಯೂ ಒದ್ದೆಯಾಗಿರಲಿಲ್ಲ. ಯಾರಿಂದಾಗಿ ಒದ್ದೆಯಾಗಲಿಲ್ಲ ಎಂದು ಅವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿ ಪೊಡಿಯಬ್ಬನಿಗೆ ಹೇಳಬೇಕೆಂದುಕೊಂಡೆ. ಹೇಳಲು ಮುಖವಿರಲಿಲ್ಲ, ಮಾಡಲಿಲ್ಲ.

2008ರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಮರುವರ್ಷ ರಜೆಯಲ್ಲಿ ಹೋದಾಗ ಗುರುಪುರಕ್ಕೆ ಹೋದೆ. ನದಿಗೆ ಹತ್ತಿರದ ಹಂಚಿನ ಮನೆ. ಅವರ ಹೆಂಡತಿ ಆಯಿಷಮ್ಮ ಫೋಟೋದಲ್ಲಿ ನೋಡಿದ ನೆನಪಿನಿಂದ ಬಾಗಿಲಲ್ಲಿಯೇ ಗುರುತು ಹಿಡಿದರು. ಕುರ್ಚಿ ಒರೆಸಿ ಕೂರಿಸಿ ಚಾ ತಂದರು. ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು.

"ಇವರೇ ಯೂಜಿನ್ ಪೊರ್ಬು. ಬಿಳಿಯ ಇಂಜಿನಿಯರನ ಎದುರು ಅವರ ಮಾತು ಒಂದಕ್ಷರ ಬಿಡದೆ ಹೇಳಿದವರು. ಬೇರೆಯವರಾಗಿದ್ರೆ ತಿರುಚಿ ಹೇಳ್ತಿದ್ರು ಅಂತ ನಮ್ಮವರು ಸಾಯುವವರೆಗೆ ಹೇಳ್ತಿದ್ರು."

ಚಾ ನನ್ನ ಕೈಯಲ್ಲಿಯೇ ತಣ್ಣಗಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುತ್ತಾರೆ. ಇಲ್ಲಿ ನನಗೆ ಸಲ್ಲದ ಮಾನವನ್ನು ಆ ಮನೆಯವರು ಪುಕ್ಕಟೆ ಕೊಡುತ್ತಿದ್ದರು. ಪಕ್ಕದವರು ಹೋಗುವವರೆಗೆ ಕಾದು, ಆಯಿಷಮ್ಮನಿಗೆ ಎಲ್ಲ ಹೇಳಿದೆ. ಮೇಜಿನ ಮುಂದೆ ಕೂತು ಬರೆದ ಪುಟ, ಅವರು ನನಗಾಗಿ ಹೇಳಿದ ಸುಳ್ಳು, ನಾನು ಅದನ್ನು ಹಾಗೆಯೇ ಇಂಗ್ಲಿಷಿಗೆ ತಂದದ್ದು, ಯಾವುದನ್ನೂ ಬಿಡಲಿಲ್ಲ. ಅವರು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಕೇಳುತ್ತಿದ್ದರು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನನ್ನ ಹತ್ರ ಹೇಳಿ ಎಂತ ಪ್ರಯೋಜನ, ಪೊರ್ಬುಗಳೇ?" ಎಂದರು ಕಡೆಗೆ. "ಅವರ ಹೆಸರು ಇಲ್ಲಿ ಹಾಳಾಗ್ಲಿಲ್ಲ. ಹಾಳಾದದ್ದು ಅಲ್ಲಿ."

ದೋಹಾಕ್ಕೆ ಮರಳಿದ ಮೊದಲ ದಿನ ಬೆಳಿಗ್ಗೆ ನಾನು ರೆಕಾರ್ಡ್ ರೂಮಿಗೆ ಹೋದೆ. ವಾರೆನ್ ಅಷ್ಟರಲ್ಲಿ ತನ್ನೂರಿಗೆ ಹೋಗಿಯಾಗಿತ್ತು. ಪುಸ್ತಕ ಧೂಳು ಹಿಡಿದು ಕೂತಿತ್ತು. ಅಳತೆ ಪುಸ್ತಕದಲ್ಲಿ ಯಾವುದನ್ನೂ ಅಳಿಸುವಂತಿಲ್ಲ. ತಪ್ಪಿದ್ದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ಮರಳುವ ಅಳತೆಯ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಿದೆ. ಮ್ಯಾನೇಜರ್ ಕೋಣೆಗೆ ಹೋಗಿ ಅವರ ಮುಂದೆ ಪುಟ ತೆರೆದಿಟ್ಟೆ. ಅವರು ಕನ್ನಡಕ ಹಾಕಿಕೊಂಡು, ನಾನು ಬರೆದದ್ದನ್ನು ಎರಡು ಸಲ ಓದಿದರು. ಬರೆದದ್ದು ಇಷ್ಟು: ಈ ಅಳತೆ ನಡೆದೇ ಇಲ್ಲ, ಅಂಕಿಗಳನ್ನು ನಾನು ಆಫೀಸಿನಲ್ಲಿ ಕೂತು ಬರೆದೆ, ಸ್ಟಾಫ್‌ಮ್ಯಾನ್ ಪೊಡಿಯಬ್ಬನಿಗೆ ಇದು ಗೊತ್ತಿತ್ತು, ತಪ್ಪನ್ನು ತಿದ್ದಲು ನನ್ನನ್ನು ಮೂರು ಸಲ ಕೇಳಿದ್ದರು.